ದೂರದ ಪ್ರಾಣಿ ಮಸುಕಾಗಿ ಬಂದಾಗ: ಜೂಮ್ ಕ್ಯಾಮೆರಾದ ದೋಷ ಪತ್ತೆ ಹಚ್ಚುವ ಬಗೆ

ಹಂಪಿಯ ಸಮೀಪದ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕುಳಿತಿದ್ದಾಗ, ಎದುರಿನ ಬಂಡೆಯ ಮೇಲೆ ತಾಯಿ ಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದಿತು. ನಾನು ಜೂಮನ್ನು ಕೊನೆಯವರೆಗೆ ಎಳೆದು ನೂರಾರು ಚಿತ್ರಗಳನ್ನು ತೆಗೆದೆ. ಮನೆಗೆ ಬಂದು ನೋಡಿದರೆ ಒಂದರಲ್ಲೂ ಕರಡಿಯ ರೋಮ ಬಿಡಿಸಿ ಕಾಣುತ್ತಿರಲಿಲ್ಲ. ಇಡೀ ದೃಶ್ಯವನ್ನು ಹರಿಯುವ ನೀರಿನೊಳಗಿಂದ ನೋಡಿದಂತಿತ್ತು. ಲೆನ್ಸ್ ಕೆಟ್ಟಿದೆಯೆಂದು ತೀರ್ಮಾನಿಸಿ ದುರಸ್ತಿ ಕೇಂದ್ರವೊಂದಕ್ಕೆ ಕೊಟ್ಟೆ. ಮೂರು ವಾರಗಳ ಬಳಿಕ ಪರೀಕ್ಷಾ ಶುಲ್ಕ ಕಟ್ಟಿಸಿಕೊಂಡು, ದೋಷವೇನೂ ಇಲ್ಲವೆಂಬ ಒಂದು ಸಾಲಿನ ಚೀಟಿಯೊಂದಿಗೆ ಕ್ಯಾಮೆರಾವನ್ನು ಹಿಂದಿರುಗಿಸಿದರು. ಹಾಗಾದರೆ ಚಿತ್ರ ಏಕೆ ಕೆಟ್ಟಿತೆಂದು ಯಾರೂ ಹೇಳಲಿಲ್ಲ.

ಮಸುಕು ಎಂಬ ಒಂದೇ ಮಾತಿನಲ್ಲಿ ನಾವು ಐದಾರು ಬೇರೆ ಬೇರೆ ತೊಂದರೆಗಳನ್ನು ತುರುಕುತ್ತೇವೆ. ಮಸುಕಿನ ರೂಪವನ್ನು ಗಮನವಿಟ್ಟು ನೋಡಿದರೆ ಅದರ ಕಾರಣವು ಬಹುಪಾಲು ಅಲ್ಲಿಯೇ ತಿಳಿಯುತ್ತದೆ. ಹಣ ಖರ್ಚು ಮಾಡುವ ಮೊದಲು ಆ ನೋಟವನ್ನು ಕಲಿಯಬೇಕೆಂಬುದೇ ಈ ಬರಹದ ಉದ್ದೇಶ. ಲೆನ್ಸ್ ಬದಲಿಸಲಾಗದ, ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಸಣ್ಣದಾಗಿರುವ, 50ರಿಂದ 125 ಪಟ್ಟು ಜೂಮ್ ಇರುವ ಕ್ಯಾಮೆರಾಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು: ಖರ್ಚಿಲ್ಲದ ತಪಾಸಣೆಗಳು

ವಾಟ್ಸಾಪಿನಲ್ಲಿ ಬಂದ ಪ್ರತಿಯನ್ನು ನೋಡಿ ಕ್ಯಾಮೆರಾವನ್ನು ಅಳೆಯಬಾರದು. ಅದು ಕುಗ್ಗಿಸಿದ ಚಿತ್ರ. ಮೆಮೊರಿ ಕಾರ್ಡಿನಲ್ಲಿರುವ ಮೂಲ ಕಡತವನ್ನು ಕಂಪ್ಯೂಟರಿಗೆ ಹಾಕಿಕೊಂಡು ನೂರಕ್ಕೆ ನೂರರ ಗಾತ್ರದಲ್ಲಿ ನೋಡಿ, ಅದರ ವಿವರಗಳಲ್ಲಿ ಶಟರ್ ವೇಗ (ಬೆಳಕು ಒಳಬಂದ ಅವಧಿ), ಐಎಸ್ಓ (ಬೆಳಕಿನ ಸಂಕೇತವನ್ನು ಕ್ಯಾಮೆರಾ ಹಿಗ್ಗಿಸಿದ ಪ್ರಮಾಣ) ಮತ್ತು ಫೋಕಲ್ ದೂರ (ಜೂಮ್ ಎಷ್ಟು ಉದ್ದವೆಂಬ ಮಿ.ಮೀ. ಸಂಖ್ಯೆ) ಎಷ್ಟೆಂಬುದನ್ನು ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ತಪಾಸಣೆಗೂ ಈ ಮೂರು ಸಂಖ್ಯೆಗಳು ಬೇಕು.

ಬಳಿಕ ಮೆನುವಿನಲ್ಲಿ ಡಿಜಿಟಲ್ ಜೂಮನ್ನು ಆಫ್ ಮಾಡಿಬಿಡಿ. ಲೆನ್ಸಿನ ನಿಜವಾದ ಜೂಮ್ ಮುಗಿದ ಮೇಲೂ ಗುಂಡಿಯನ್ನು ಒತ್ತುತ್ತಲೇ ಇದ್ದರೆ, ಕ್ಯಾಮೆರಾವು ಇರುವ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆಯೇ ಹೊರತು ಹೊಸ ವಿವರವನ್ನೇನೂ ತರುವುದಿಲ್ಲ. ಲೆನ್ಸಿನ ಮುಂದೆ ಅಗ್ಗದ ಫಿಲ್ಟರ್ ಹಾಕಿದ್ದರೆ ತೆಗೆಯಿರಿ. ಸಣ್ಣ ಜೂಮಿನಲ್ಲಿ ತೊಂದರೆ ಕೊಡದ ಗಾಜು ಉದ್ದ ಜೂಮಿನಲ್ಲಿ ಚಿತ್ರವನ್ನು ಎದ್ದು ಕಾಣುವಷ್ಟು ಕೆಡಿಸಬಲ್ಲದು. ಬೆರಳಚ್ಚು ಇದ್ದರೆ ಮೊದಲು ಧೂಳನ್ನು ಊದುಬುರುಡೆಯಿಂದ ಹಾರಿಸಿ, ಆಮೇಲಷ್ಟೇ ಮೆತ್ತನೆಯ ಲೆನ್ಸ್ ಬಟ್ಟೆಯಿಂದ ಒರೆಸಿ. ಪಂಚೆಯ ಅಥವಾ ಸೀರೆಯ ಸೆರಗಿನ ಅಂಚಿನಿಂದ ಒರೆಸಿದರೆ ಮರಳಿನ ಕಣವು ಗಾಜನ್ನು ಗೀರಿಬಿಡುತ್ತದೆ.

ಇನ್ನು ಪತ್ರಿಕೆಯ ಪರೀಕ್ಷೆ. ಬೆಳಗಿನ ತಂಪು ಹೊತ್ತಿನಲ್ಲಿ, ಬೆಳಕು ಚೆನ್ನಾಗಿರುವ ಆದರೆ ಬಿಸಿಲು ನೇರವಾಗಿ ಬೀಳದ ಗೋಡೆಗೆ ಕನ್ನಡ ದಿನಪತ್ರಿಕೆಯ ಒಂದು ಹಾಳೆಯನ್ನು ಸುಕ್ಕಿಲ್ಲದಂತೆ ಅಂಟಿಸಿ. ಹತ್ತು ಮೀಟರ್ ದೂರದಲ್ಲಿ ಗಟ್ಟಿಯಾದ ಮೇಜಿನ ಮೇಲೆ ಟ್ರೈಪಾಡ್ ಅಥವಾ ಧಾನ್ಯದ ಚೀಲವನ್ನಿಟ್ಟು ಕ್ಯಾಮೆರಾವನ್ನು ಕೂರಿಸಿ, ಐಎಸ್ಓವನ್ನು ಅತಿ ಕಡಿಮೆಗೆ ಇಳಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಪೂರ್ಣ ಜೂಮಿನಲ್ಲಿ ಹತ್ತು ಚಿತ್ರ ತೆಗೆಯಿರಿ. ದೊಡ್ಡ ಕ್ಯಾಮೆರಾದ 2000 ಮಿ.ಮೀ. ಲೆನ್ಸಿಗೆ ಸಮನಾದ ಜೂಮ್ ಇದ್ದರೆ ಚೌಕಟ್ಟಿನಲ್ಲಿ ಒಂದು ಗೇಣಿಗೂ ಕಡಿಮೆ ಅಗಲ ಕಾಣುತ್ತದೆ. ಅದರಲ್ಲಿ ಅಕ್ಷರಗಳ ಕೆಳಗಿನ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಯಾಗಿ ನಿಲ್ಲಬೇಕು. ಹಾಗೆ ನಿಂತರೆ ನಿಮ್ಮ ಲೆನ್ಸ್ ಆರೋಗ್ಯವಾಗಿದೆ. ದೋಷವನ್ನು ಕಾಡಿನಲ್ಲಿ ನೀವು ಚಿತ್ರ ತೆಗೆದ ಸಂದರ್ಭದಲ್ಲಿ ಹುಡುಕಬೇಕು. ದುರಸ್ತಿ ಕೇಂದ್ರಕ್ಕೆ ಹೋಗುವ ಮೊದಲು ನಾನು ಮಾಡಬೇಕಾಗಿದ್ದುದು ಅರ್ಧ ಗಂಟೆಯ ಈ ಪರೀಕ್ಷೆಯನ್ನೇ.

ಲಕ್ಷಣ: ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ, ಗೆರೆಗಳು ಜೋಡಿಯಾದಂತೆ ಕಾಣುತ್ತದೆ

ಕೊಂಬೆಯ ಅಂಚು, ಹಕ್ಕಿಯ ಕಣ್ಣಿನ ಹೊಳಪು, ಹಿಂದಿನ ಎಲೆ, ಎಲ್ಲವೂ ಒಂದೇ ದಿಕ್ಕಿಗೆ ಸರಿದಿದ್ದರೆ ಕೈ ಅಲುಗಿದೆ ಎಂದರ್ಥ. ಹಕ್ಕಿಯ ಕಣ್ಣಿನಲ್ಲಿ ಚುಕ್ಕಿಯಾಗಿ ಇರಬೇಕಾದ ಬೆಳಕು ಚಿಕ್ಕ ಗೆರೆಯಾಗಿದ್ದರೆ ಸಂದೇಹಕ್ಕೆ ಎಡೆಯೇ ಇಲ್ಲ.

2000 ಮಿ.ಮೀ.ಗೆ ಸಮನಾದ ಜೂಮಿನಲ್ಲಿ ಚೌಕಟ್ಟಿನ ಅಗಲವು ಸುಮಾರು ಒಂದು ಡಿಗ್ರಿ ಮಾತ್ರ. ನೂರು ಮೀಟರ್ ದೂರದಲ್ಲಿ ಅದು ಸುಮಾರು 1.7 ಮೀಟರ್ ಅಗಲದ ಕಿಟಕಿಯಷ್ಟೇ ಆಗುತ್ತದೆ. ಕೈಯಲ್ಲಿ ಹಿಡಿದಾಗ ಉಸಿರಾಟಕ್ಕೂ ಆ ಕಿಟಕಿ ಓಲಾಡುತ್ತದೆ. ಒಂದನ್ನು ಜೂಮಿನ ಮಿ.ಮೀ. ಸಂಖ್ಯೆಯಿಂದ ಭಾಗಿಸುವ ಹಳೆಯ ಲೆಕ್ಕದಂತೆ ಅಲ್ಲಿ 1/2000 ಸೆಕೆಂಡಿನ ಶಟರ್ ವೇಗ ಬೇಕು. ಕ್ಯಾಮೆರಾದ ಕಂಪನ ನಿವಾರಣೆಯು ಮೂರು ಹಂತದಷ್ಟು (ಹಂತವೊಂದಕ್ಕೆ ವೇಗ ಅರ್ಧದಂತೆ) ನೆರವಾಯಿತೆಂದುಕೊಂಡರೂ 1/250ಕ್ಕಿಂತ ಕೆಳಗಿಳಿಯುವುದು ಅದೃಷ್ಟವನ್ನು ನಂಬಿದಂತೆ. ನೀವು ಬರೆದಿಟ್ಟುಕೊಂಡ ಸಂಖ್ಯೆ 1/60 ಅಥವಾ 1/100 ಆಗಿದ್ದರೆ ಮುಂದೆ ಹುಡುಕುವ ಅಗತ್ಯವಿಲ್ಲ.

ಮೊದಲ ಪರಿಹಾರ ಆಸರೆ. ಹಳೆಯ ಪ್ಯಾಂಟಿನ ಕಾಲೊಂದನ್ನು ಮೊಣಕಾಲಿನ ಕೆಳಗೆ ಕತ್ತರಿಸಿ, ಒಂದು ಬದಿ ಹೊಲಿದು, ಮುಕ್ಕಾಲು ಭಾಗ ರಾಗಿ ತುಂಬಿಸಿ, ಇನ್ನೊಂದು ಬದಿಯನ್ನೂ ಹೊಲಿದರೆ ಸಫಾರಿ ಜೀಪಿನ ಸರಳಿನ ಮೇಲೆ ಹಾಕಿಕೊಳ್ಳಲು ಒಳ್ಳೆಯ ಚೀಲವಾಗುತ್ತದೆ. ರಾಗಿಯ ಕಾಳು ಸಣ್ಣದಾದ್ದರಿಂದ ಲೆನ್ಸಿನ ಕೊಳವೆ ಅದರಲ್ಲಿ ಹದವಾಗಿ ಕೂರುತ್ತದೆ. ಆದರೆ ಜೀಪಿನ ಇಂಜಿನ್ ಓಡುತ್ತಿದ್ದರೆ ಈ ಚೀಲವೂ ನಡುಗುತ್ತದೆ. ‘ಅಣ್ಣಾ, ಒಂದು ನಿಮಿಷ ಇಂಜಿನ್ ಆಫ್ ಮಾಡ್ತೀರಾ?’ ಎಂದು ಮೆಲ್ಲಗೆ ಕೇಳಿದರೆ ಚಾಲಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಆನೆ ಹತ್ತಿರದಲ್ಲಿದ್ದಾಗ ಅವರು ಬೇಡವೆಂದರೆ ಮತ್ತೆ ಕೇಳಬಾರದು. ಆ ಕ್ಷಣದಲ್ಲಿ ಇಂಜಿನ್ ಓಡುತ್ತಿರುವುದು ಎಲ್ಲರ ಪ್ರಾಣದ ಪ್ರಶ್ನೆ.

ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ, ದೋಣಿಯೇ ಅಲುಗುತ್ತಿರುತ್ತದೆ. ಅಲ್ಲಿ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕಣ್ಣನ್ನು ವ್ಯೂಫೈಂಡರಿಗೆ ತಾಗಿಸಿ, ಶಟರ್ ವೇಗವನ್ನು 1/500ಕ್ಕಿಂತ ಮೇಲಿಟ್ಟು, ಒಂದರ ಹಿಂದೊಂದು ಐದಾರು ಚಿತ್ರ ತೆಗೆಯುವುದೇ ದಾರಿ. ಆಸರೆಗೆಂದು ಕೈಯನ್ನು ದೋಣಿಯ ಹೊರಗೆ ಚಾಚಬೇಡಿ. ಕಾವೇರಿಯ ಆ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳು ನೀರಿನೊಳಗೂ ಇರುತ್ತವೆ.

ಕೊಂಬೆ ಸ್ಪಷ್ಟವಾಗಿದ್ದು ರೆಕ್ಕೆ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಹಕ್ಕಿ, ನಿಮ್ಮ ಕೈಯಲ್ಲ. ಹಾರುವ ಬಣ್ಣದ ಕೊಕ್ಕರೆಗೆ 1/1000, ನೀರಿಗೆ ಧುಮುಕುವ ಮಿಂಚುಳ್ಳಿಗೆ 1/2000 ಬೇಕಾಗುತ್ತದೆ. ಇದಕ್ಕೆ ಕಂಪನ ನಿವಾರಣೆಯಿಂದ ಏನೂ ನೆರವಿಲ್ಲ.

ಲಕ್ಷಣ: ಪ್ರಾಣಿ ಮಸುಕು, ಮುಂದಿನ ಹುಲ್ಲು ಮಾತ್ರ ಸ್ಪಷ್ಟ

ಇದು ಫೋಕಸ್ ತಪ್ಪಿದ ಗುರುತು. ಚಿತ್ರದಲ್ಲಿ ಎಲ್ಲೋ ಒಂದು ಕಡೆ ಚೂಪಾದ ವಸ್ತು ಸಿಕ್ಕಿದರೆ ಲೆನ್ಸಿನ ಮೇಲೆ ಅನುಮಾನ ಪಡಬೇಕಾಗಿಲ್ಲ. ಫೋಕಸ್ ಚೌಕವನ್ನು ಕ್ಯಾಮೆರಾದ ಆಯ್ಕೆಗೆ ಬಿಡದೆ, ನಡುವಿನ ಒಂದೇ ಸಣ್ಣ ಚೌಕವನ್ನು ಆರಿಸಿಕೊಳ್ಳಿ. ಹುಲ್ಲಿನ ನಡುವೆ ಜಿಂಕೆಯಿದ್ದರೆ ಹುಲ್ಲು ವಿರಳವಾಗಿರುವ ಕಡೆ ಕಾಣುವ ಕುತ್ತಿಗೆಯ ಅಥವಾ ಭುಜದ ಅಂಚಿಗೆ ಚೌಕವನ್ನಿಟ್ಟು ಶಟರನ್ನು ಅರ್ಧ ಒತ್ತಿ ಹಿಡಿದು, ಆಮೇಲೆ ಚೌಕಟ್ಟನ್ನು ಸರಿಪಡಿಸಿಕೊಳ್ಳಬಹುದು.

ಕ್ಯಾಮೆರಾವು ಫೋಕಸ್ ಹುಡುಕುತ್ತಲೇ ಇದ್ದು ಎಲ್ಲಿಯೂ ನಿಲ್ಲದಿದ್ದರೆ ಕಾರಣ ಎರಡರಲ್ಲಿ ಒಂದು. ಪ್ರಾಣಿ ತೀರ ಹತ್ತಿರವಿರಬಹುದು: ಪೂರ್ಣ ಜೂಮಿನಲ್ಲಿ ಇಂತಹ ಕ್ಯಾಮೆರಾಗಳಿಗೆ ಐದಾರು ಮೀಟರಿಗಿಂತ ಸಮೀಪದ ವಸ್ತು ಫೋಕಸ್ ಆಗುವುದಿಲ್ಲ; ಜೂಮನ್ನು ಸ್ವಲ್ಪ ಹಿಂದಕ್ಕೆ ಎಳೆದರೆ ಆಗುತ್ತದೆ. ಇಲ್ಲವೇ ಬೆಳಕು ಕಡಿಮೆಯಾಗಿ ಪ್ರಾಣಿಯ ಮೈಮೇಲೆ ಏರುಪೇರಿನ ಗುರುತು ಏನೂ ಸಿಗದಿರಬಹುದು: ಸಂಜೆಯ ಹೊತ್ತಿನ ಕಾಡೆಮ್ಮೆಯ ಮೈ ಇದಕ್ಕೆ ಒಳ್ಳೆಯ ಉದಾಹರಣೆ. ಆಗ ಕಾಲಿನ ಬಿಳಿ ಭಾಗ ಮತ್ತು ಕಪ್ಪು ಮೈ ಸೇರುವ ಗೆರೆಗೆ ಫೋಕಸ್ ಮಾಡಿ. ಫೋಕಸಿಗೆ ನೆರವಾಗುವ ದೀಪವನ್ನೂ ಫ್ಲಾಶನ್ನೂ ಮೆನುವಿನಲ್ಲಿ ಆಫ್ ಮಾಡಿಡಿ. ದೂರದ ಪ್ರಾಣಿಗೆ ಅವು ತಲುಪುವುದಿಲ್ಲ, ಹತ್ತಿರದ ಪ್ರಾಣಿಯನ್ನು ಬೆದರಿಸುತ್ತವೆ.

ಲಕ್ಷಣ: ದೃಶ್ಯವೇ ಕುದಿಯುತ್ತಿರುವಂತೆ, ಒಂದೊಂದು ಚಿತ್ರದಲ್ಲಿ ಒಂದೊಂದು ರೀತಿ ಕಾಣುತ್ತದೆ

ದರೋಜಿಯಲ್ಲಿ ನನಗಾದದ್ದು ಇದು, ಮತ್ತು ಉದ್ದ ಜೂಮ್ ಕೊಂಡ ಹೊಸಬರು ಹೆಚ್ಚಾಗಿ ತಪ್ಪು ತಿಳಿಯುವುದೂ ಇದನ್ನೇ. ಇಲ್ಲಿ ಮಸುಕಿಗೆ ದಿಕ್ಕಿರುವುದಿಲ್ಲ. ಒಂದು ಚಿತ್ರದಲ್ಲಿ ಕರಡಿಯ ಕಿವಿ ತಕ್ಕಮಟ್ಟಿಗೆ ಚೂಪಾಗಿ ಕಾಲು ಕಲಸಿಹೋಗಿದ್ದರೆ, ಮುಂದಿನ ಕ್ಷಣದ ಚಿತ್ರದಲ್ಲಿ ಕಾಲು ಚೆನ್ನಾಗಿದ್ದು ಕಿವಿ ಕರಗಿರುತ್ತದೆ. ಬಂಡೆಯ ನೇರ ಅಂಚು ಅಲೆಯಲೆಯಾಗಿರುತ್ತದೆ. ಶಟರ್ ವೇಗ 1/1000 ಇದ್ದರೂ, ಟ್ರೈಪಾಡ್ ಇದ್ದರೂ ಫಲಿತಾಂಶ ಬದಲಾಗುವುದಿಲ್ಲ.

ಕಾರಣ ಗಾಳಿ. ಬಿಸಿಲಿಗೆ ಕಾದ ಬಂಡೆಯಿಂದ ಬಿಸಿಗಾಳಿ ಎದ್ದು ತಣ್ಣನೆಯ ಗಾಳಿಯೊಂದಿಗೆ ಬೆರೆಯುವಾಗ, ಎರಡರ ಸಾಂದ್ರತೆ ಬೇರೆಯಾದ್ದರಿಂದ ಬೆಳಕು ಹೆಜ್ಜೆಹೆಜ್ಜೆಗೂ ಬಾಗುತ್ತದೆ. ಟಾರು ರಸ್ತೆಯ ಮೇಲೆ ಬಿಸಿಲ್ಗುದುರೆ ಓಡುವುದೂ ಇದೇ ಬಾಗುವಿಕೆಯಿಂದ. ಬರಿಗಣ್ಣಿಗೆ ಏನೂ ಕಾಣದಿದ್ದರೂ ಎಂಬತ್ತು ಪಟ್ಟು ಜೂಮ್ ಮಾಡಿದಾಗ ಆ ನಡುಕವೂ ಹಿಗ್ಗಿ ಬರುತ್ತದೆ. ಕಬಿನಿ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದು ಬಯಲಾದ ದಂಡೆಯ ಮೇಲೆ ಮಧ್ಯಾಹ್ನ ಆನೆಗಳ ಹಿಂಡು ನಿಂತಿರುವಾಗಲೂ ಹೀಗೆಯೇ ಆಗುತ್ತದೆ. ತಿಳಿದುಕೊಳ್ಳುವ ಸುಲಭ ಉಪಾಯವೊಂದಿದೆ: ಅದೇ ಜೂಮಿನಲ್ಲಿ ಹತ್ತು ಸೆಕೆಂಡಿನ ವಿಡಿಯೊ ತೆಗೆದು ನೋಡಿ. ಪ್ರಾಣಿಯ ಬಾಹ್ಯರೇಖೆ ಜ್ವಾಲೆಯಂತೆ ಅದುರುತ್ತಿದ್ದರೆ ಕ್ಯಾಮೆರಾದಲ್ಲಿ ಸರಿಪಡಿಸಬೇಕಾದದ್ದು ಏನೂ ಇಲ್ಲ.

ಇದಕ್ಕೆ ಹಣದಿಂದ ಪರಿಹಾರವಿಲ್ಲ. ಹೆಚ್ಚು ಜೂಮಿನ ಹೊಸ ಕ್ಯಾಮೆರಾ ಕೊಂಡರೆ ತೊಂದರೆ ಹೆಚ್ಚುತ್ತದೆ. ಉಪಾಯವಿರುವುದು ಹೊತ್ತಿನಲ್ಲಿ ಮತ್ತು ದೂರದಲ್ಲಿ. ಬಿಸಿಲೇರುವ ಮೊದಲಿನ ಒಂದೆರಡು ಗಂಟೆ ಅತ್ಯುತ್ತಮ. ಮಳೆ ನಿಂತ ಮೋಡದ ದಿನವೂ ಒಳ್ಳೆಯದು. ದರೋಜಿಯಲ್ಲಿ ಕರಡಿಗಳು ಬಂಡೆಗೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ನಂತರವಾದ್ದರಿಂದ, ಬಂಡೆಯ ಮೇಲೆ ನೆರಳು ಚಾಚುವವರೆಗೆ ತಾಳ್ಮೆಯಿಂದ ಕಾಯಬೇಕು. ಕಾಯುವಾಗ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಒಂದೇ ಕಲ್ಲಿನ ಚಿತ್ರ ತೆಗೆಯುತ್ತಿದ್ದರೆ ಗಾಳಿ ಯಾವಾಗ ತಿಳಿಯಾಯಿತೆಂಬುದು ಕಣ್ಣಿಗೇ ಕಾಣುತ್ತದೆ. ಇದಲ್ಲದೆ, ಕಾದ ಬಾನೆಟ್ಟಿನ ಮೇಲಿಂದ ಅಥವಾ ಎಸಿ ಹಾಕಿದ ಕಾರಿನ ಕಿಟಕಿಯನ್ನು ಆಗಷ್ಟೇ ತೆರೆದು ಚಿತ್ರ ತೆಗೆದರೆ, ನಾವೇ ಈ ನಡುಕವನ್ನು ಲೆನ್ಸಿನ ಮುಂದೆ ತಂದಿಟ್ಟಂತಾಗುತ್ತದೆ. ದೂರವನ್ನು ಕಡಿಮೆ ಮಾಡಲೆಂದು ವಾಹನದಿಂದಾಗಲಿ ಗೋಪುರದಿಂದಾಗಲಿ ಇಳಿದು ನಡೆಯುವುದನ್ನು ಮಾತ್ರ ಯೋಚಿಸಲೂ ಬಾರದು. ಮರಿಯಿರುವ ಕರಡಿ ಎಚ್ಚರಿಕೆ ಕೊಡದೆ ಎರಗುವ ಪ್ರಾಣಿ, ಅಭಯಾರಣ್ಯದೊಳಗೆ ಹಾಗೆ ಅಡ್ಡಾಡುವುದು ಕಾನೂನಿನ ಉಲ್ಲಂಘನೆಯೂ ಹೌದು.

ಲಕ್ಷಣ: ರೋಮ ಮತ್ತು ಗರಿಗಳು ಬಣ್ಣ ಬಳಿದಂತೆ ನುಣ್ಣಗಾಗಿವೆ

ದೂರದಿಂದ ಚೆನ್ನಾಗಿಯೇ ಕಾಣುವ ಚಿತ್ರವನ್ನು ಹಿಗ್ಗಿಸಿದಾಗ ನವಿಲಿನ ಕೊರಳು ಜಲವರ್ಣದ ಮಚ್ಚೆಯಂತಾಗಿದ್ದರೆ ಐಎಸ್ಓ ಸಂಖ್ಯೆಯನ್ನು ನೋಡಿ. ಈ ಕ್ಯಾಮೆರಾಗಳ ಸೆನ್ಸರ್ ಸುಮಾರು 6 ಮಿ.ಮೀ. ಅಗಲದ್ದು, ದೊಡ್ಡ ಕ್ಯಾಮೆರಾದ ಪೂರ್ಣ ಚೌಕಟ್ಟಿನ ಸೆನ್ಸರ್ 36 ಮಿ.ಮೀ. ಅಗಲವಿರುತ್ತದೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾವು ಐಎಸ್ಓವನ್ನು ಏರಿಸುತ್ತದೆ, ಅದರಿಂದ ಹುಟ್ಟಿದ ಕಾಳುಕಾಳನ್ನು ಅಳಿಸಲು ಹೋಗಿ ರೋಮವನ್ನೂ ಅಳಿಸುತ್ತದೆ. ನನ್ನ ಅನುಭವದಲ್ಲಿ 400ರವರೆಗೆ ನಿಶ್ಚಿಂತೆ, 800 ಸಹಿಸಬಹುದು, 1600ರಲ್ಲಿ ಪ್ರಾಣಿಯನ್ನು ಗುರುತಿಸಬಹುದೇ ಹೊರತು ಗರಿಯನ್ನು ಎಣಿಸಲಾಗದು.

ತೆರೆದ ಬಿಸಿಲಿನಲ್ಲಿ ಲೆನ್ಸಿನ ರಂಧ್ರ ಎಫ್ 6.5 ಇದ್ದು (ಈ ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಕಿರಿದು), ಐಎಸ್ಓ 200 ಇದ್ದರೆ 1/1000ದ ಆಸುಪಾಸಿನ ವೇಗ ಸಿಗುತ್ತದೆ. ಅದೇ ಪ್ರಾಣಿ ದಟ್ಟ ಮರದ ನೆರಳಿಗೆ ಸರಿದರೆ ಐಎಸ್ಓ 800ಕ್ಕೆ ಏರಿದರೂ 1/200 ಸಿಗುವುದು ಕಷ್ಟ. ಆಗ ಪ್ರಾಣಿ ಕದಲದೆ ನಿಂತಿದ್ದರೆ ಗಟ್ಟಿ ಆಸರೆ ಕೊಟ್ಟು ಐಎಸ್ಓವನ್ನು ಇಳಿಸಿ. ಓಡುತ್ತಿದ್ದರೆ ಕಾಳುಕಾಳನ್ನು ಒಪ್ಪಿಕೊಂಡು ವೇಗವನ್ನು ಉಳಿಸಿಕೊಳ್ಳಿ. ಅಲುಗಿದ ಚಿತ್ರವನ್ನು ಆಮೇಲೆ ಸರಿಪಡಿಸಲಾಗದು, ಕಾಳುಕಾಳಾದ ಚಿತ್ರ ಹಾಗೂ ಹೀಗೂ ಉಳಿಯುತ್ತದೆ. ಮೆನುವಿನಲ್ಲಿ ಕಾಳು ಅಳಿಸುವ ಪ್ರಮಾಣವನ್ನು ತಗ್ಗಿಸುವ ಆಯ್ಕೆಯಿದ್ದರೆ ತಗ್ಗಿಸಿ. ಕ್ಯಾಮೆರಾ ತಿದ್ದದೆ ಉಳಿಸುವ ರಾ ಕಡತದ ಸೌಲಭ್ಯವಿದ್ದರೆ ಅದನ್ನು ಬಳಸಿ.

ಐಎಸ್ಓ ಕಡಿಮೆಯಿದ್ದು, ವೇಗ ಸಾಕಷ್ಟಿದ್ದು, ಗಾಳಿ ತಿಳಿಯಾಗಿದ್ದರೂ ನೂರಕ್ಕೆ ನೂರರ ಗಾತ್ರದಲ್ಲಿ ಸ್ವಲ್ಪ ಮೆತ್ತಗೆ ಕಂಡರೆ ಅದು ದೋಷವಲ್ಲ, ಬೆಳಕಿನ ಸ್ವಭಾವ. 2015ರಲ್ಲಿ ಬಂದ ನಿಕಾನ್ ಪಿ900ರ ಲೆಕ್ಕವನ್ನೇ ತೆಗೆದುಕೊಳ್ಳಿ. ಪೂರ್ಣ ಜೂಮಿನಲ್ಲಿ ಅದರ ರಂಧ್ರ ಎಫ್ 6.5. ಅಷ್ಟು ಕಿರಿದಾದ ರಂಧ್ರದ ಮೂಲಕ ಹಾಯುವ ಹಸಿರು ಬೆಳಕಿನ ಚುಕ್ಕಿ ಸೆನ್ಸರಿನ ಮೇಲೆ ಸುಮಾರು 8.7 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಗಲಕ್ಕೆ ಹರಡುತ್ತದೆ. ಆದರೆ ಅದರ ಒಂದು ಪಿಕ್ಸೆಲ್ ಸುಮಾರು 1.3 ಮೈಕ್ರಾನ್ ಮಾತ್ರ. ಹೀಗಾಗಿ ಒಂದು ಚುಕ್ಕಿ ಆರು ಪಿಕ್ಸೆಲುಗಳಷ್ಟು ಅಗಲಕ್ಕೆ ಹಬ್ಬುತ್ತದೆ. ಸ್ಪಷ್ಟತೆ ಹೆಚ್ಚಲೆಂದು ರಂಧ್ರವನ್ನು ಎಫ್ 8ಕ್ಕೆ ಕಿರಿದು ಮಾಡುವುದು ದೊಡ್ಡ ಕ್ಯಾಮೆರಾದಿಂದ ಬಂದ ಅಭ್ಯಾಸ. ಇಲ್ಲಿ ಅದು ಮಸುಕನ್ನೇ ಹೆಚ್ಚಿಸುತ್ತದೆ. ರಂಧ್ರವನ್ನು ಪೂರ್ಣ ತೆರೆದೇ ಇಡಿ.

ಲಕ್ಷಣ: ಕರಡಿ ಕಪ್ಪು ಮುದ್ದೆ, ಬೆಳ್ಳಕ್ಕಿ ಬಿಳಿ ತೂತು

ಬಿಳಿಚಿದ ಬಂಡೆಯ ಮೇಲೆ ಚಿಕ್ಕದಾಗಿ ಕಾಣುವ ಕರಡಿಯ ಚಿತ್ರ ತೆಗೆಯುವಾಗ ಕ್ಯಾಮೆರಾವು ಬಂಡೆಯ ಬೆಳಕನ್ನು ಅಳೆದು ಒಟ್ಟು ಚಿತ್ರವನ್ನು ಕತ್ತಲಾಗಿಸುತ್ತದೆ. ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಎಕ್ಸ್‌ಪೋಶರ್ ಹೊಂದಾಣಿಕೆಯನ್ನು +0.7ರಿಂದ +1ರವರೆಗೆ ಏರಿಸಿದರೆ ಮುಖದ ರೋಮ ಕಾಣುತ್ತದೆ. ಅದೇ ಕರಡಿ ಚೌಕಟ್ಟನ್ನೆಲ್ಲ ತುಂಬಿಕೊಂಡಾಗ ಲೆಕ್ಕ ತಿರುಗುತ್ತದೆ: ಕ್ಯಾಮೆರಾವು ಕಪ್ಪನ್ನು ಬೂದು ಮಾಡಲು ನೋಡುತ್ತದೆ, ಆಗ ಇಳಿಸಬೇಕು. ಕಪ್ಪು ನೀರಿನ ಮೇಲಿನ ಬೆಳ್ಳಕ್ಕಿಗೆ −0.7 ಅಥವಾ −1 ಬೇಕು. ಸುಟ್ಟುಹೋದ ಬಿಳಿಯಲ್ಲಿ ಗರಿಯ ವಿವರವನ್ನು ಆಮೇಲೆ ಯಾವ ತಂತ್ರಾಂಶವೂ ಮರಳಿ ತಾರದು.

ಲಕ್ಷಣ: ಹಾಲು ಸುರಿದಂತೆ ಬೆಳ್ಳಗೆ, ಬಣ್ಣ ಸಪ್ಪೆ

ಎಸಿ ಕೋಣೆಯಿಂದ ನೇರವಾಗಿ ಮುಂಜಾನೆಯ ಸಫಾರಿಗೆ ಹೊರಟಾಗ ಮೊದಲ ಅರ್ಧ ಗಂಟೆಯ ಚಿತ್ರಗಳು ಮಾತ್ರ ಹೀಗಿದ್ದರೆ ತಣ್ಣನೆಯ ಗಾಜಿನ ಮೇಲೆ ತೇವ ಕೂತಿದೆ. ಒರೆಸುತ್ತಾ ಹೋಗಬೇಡಿ, ಹಿಂದಿನ ರಾತ್ರಿಯೇ ಕ್ಯಾಮೆರಾ ಚೀಲವನ್ನು ಎಸಿ ಇಲ್ಲದ ಕಡೆ ಇಟ್ಟರೆ ತೊಂದರೆಯೇ ಬರದು. ಸೂರ್ಯನಿಗೆ ಎದುರಾಗಿದ್ದಾಗ ಮಾತ್ರ ಹೀಗಾದರೆ ಲೆನ್ಸಿಗೆ ಮರೆ ಕೊಡಿ. ದೂರದ ಬೆಟ್ಟವೂ ಬಿಳಿಚಿದ್ದರೆ ಅದು ಧೂಳು, ಮಂಜು. ಯಾವ ಕಾರಣಕ್ಕೂ ಪೂರ್ಣ ಜೂಮಿನಲ್ಲಿ ಸೂರ್ಯನತ್ತ ಕ್ಯಾಮೆರಾವನ್ನು ಹಿಡಿಯಬೇಡಿ. ಭೂತಗನ್ನಡಿಯಲ್ಲಿ ಕಾಗದ ಸುಡುವಂತೆ ಸೆನ್ಸರ್ ಸುಡಬಹುದು.

ಎಲ್ಲ ಬೆಳಕಿನಲ್ಲೂ, ಎಲ್ಲ ದಿನವೂ ಹೀಗೆಯೇ ಇದ್ದರೆ ಕೋಣೆಯನ್ನು ಕತ್ತಲು ಮಾಡಿ, ಲೆನ್ಸಿನೊಳಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟ ಕ್ಯಾಮೆರಾಗಳಿಗೆ ಇದು ಬೇಗ ಹಿಡಿಯುತ್ತದೆ. ಇಲ್ಲಿಗೆ ನಿಮ್ಮ ಕೈಕೆಲಸ ನಿಲ್ಲಬೇಕು. ಒಳಗಿನ ಗಾಜುಗಳನ್ನು ಮನೆಯಲ್ಲಿ ಬಿಚ್ಚಿದರೆ ಮತ್ತೆ ಅದೇ ನೇರಕ್ಕೆ ಕೂರಿಸಲಾಗುವುದಿಲ್ಲ. ಹಿಡಿಯದಂತೆ ತಡೆಯಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಿ. ಅಕ್ಕಿಯೊಳಗೆ ಹೂತಿಡಬೇಡಿ, ಅದರ ಹುಡಿ ಜೂಮಿನ ಸಂದಿಗೆ ಸೇರುತ್ತದೆ.

ಲಕ್ಷಣ: ಯಾವಾಗಲೂ ಒಂದೇ ಬದಿ ಮಸುಕು, ಅಥವಾ ಜೂಮ್ ಕೊಳವೆ ಸಿಕ್ಕಿಕೊಳ್ಳುತ್ತದೆ

ಪತ್ರಿಕೆಯ ಹತ್ತೂ ಚಿತ್ರಗಳಲ್ಲಿ ಎಡಬದಿ ಚೂಪಾಗಿದ್ದು ಬಲಬದಿ ಕಲಸಿದ್ದರೆ ಕ್ಯಾಮೆರಾವನ್ನು ತಲೆಕೆಳಗಾಗಿಸಿ ಇನ್ನೊಮ್ಮೆ ತೆಗೆಯಿರಿ. ಆಗ ಮಸುಕು ಪತ್ರಿಕೆಯ ಎದುರು ಬದಿಗೆ ಹೋದರೆ ಒಳಗಿನ ಗಾಜೊಂದು ಸರಿದಿದೆ, ಪತ್ರಿಕೆಯ ಅದೇ ಜಾಗದಲ್ಲಿ ಉಳಿದರೆ ಹಾಳೆ ಅಥವಾ ಕ್ಯಾಮೆರಾ ಓರೆಯಾಗಿತ್ತು. ಮೊದಲನೆಯದು ಬಿದ್ದ ಕ್ಯಾಮೆರಾಗಳಲ್ಲಿ ಸಾಮಾನ್ಯ, ಇದು ನಿಜವಾದ ಲೆನ್ಸ್ ದೋಷ.

ಜೂಮ್ ಮಾಡುವಾಗ ಕರಕರ ಸದ್ದು ಬಂದರೆ, ಲೆನ್ಸ್ ದೋಷವೆಂಬ ಸಂದೇಶ ಕಂಡರೆ, ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ ತೆಗೆದು, ಪೂರ್ತಿ ಚಾರ್ಜ್ ಮಾಡಿ, ಒಮ್ಮೆ ಮಾತ್ರ ಪ್ರಯತ್ನಿಸಿ; ದುರ್ಬಲ ಬ್ಯಾಟರಿಯಿಂದಲೂ ಕೊಳವೆ ಅರ್ಧದಲ್ಲಿ ನಿಲ್ಲುವುದುಂಟು. ಕೊಳವೆಯನ್ನು ಕೈಯಿಂದ ಒಳಕ್ಕೆ ತಳ್ಳಬಾರದು, ಸಂದಿಗೆ ಎಣ್ಣೆ ಬಿಡಬಾರದು. ಬ್ಯಾಟರಿ ಉಬ್ಬಿ ಹೊರಬರಲು ಬಿಗಿಯಾಗಿದ್ದರೆ ಅದನ್ನು ಚುಚ್ಚುವುದು, ಮತ್ತೆ ಚಾರ್ಜ್ ಮಾಡುವುದು ಎರಡೂ ಬೆಂಕಿಗೆ ದಾರಿ.

ದುರಸ್ತಿಗೆ ಕೊಡುವಾಗ ಪತ್ರಿಕೆಯ ಚಿತ್ರಗಳನ್ನು, ತಲೆಕೆಳಗಾಗಿಸಿ ತೆಗೆದದ್ದನ್ನೂ ಸೇರಿಸಿ, ಪೆನ್ ಡ್ರೈವಿನಲ್ಲಿ ಹಾಕಿ ಜೊತೆಗೆ ಕೊಡಿ. ಯಾವ ಬದಿ, ಯಾವ ಜೂಮಿನಲ್ಲಿ, ಯಾವಾಗಿನಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆದ ಮೇಲಷ್ಟೇ ಬಿಚ್ಚಲು ಒಪ್ಪಿಗೆ ಕೊಡಿ. ಕ್ಯಾಮೆರಾ ಮರಳಿ ಕೈಗೆ ಬಂದ ದಿನವೇ, ಶುಲ್ಕದ ರಸೀದಿ ಇನ್ನೂ ಜೇಬಿನಲ್ಲಿರುವಾಗಲೇ, ಅದೇ ಗೋಡೆಗೆ ಪತ್ರಿಕೆ ಅಂಟಿಸಿ ಮತ್ತೆ ಹತ್ತು ಚಿತ್ರ ತೆಗೆಯಿರಿ.